‘ಕ್ಷೇಮ’ ಎಂದಷ್ಟೇ ಬರೆಯದವಳು

(ನಮ್ಮೂರ ಗ್ರಂಥಾಲಯದ ಓದುಗರ ಕೂಟದಲ್ಲಿ ಆಡಿದ ಮಾತುಗಳ ಬರಹ ರೂಪ)

ಬೆಣ್ಣೆಯ ವಿಚಾರದಿಂದ ಶುರು ಮಾಡುತ್ತೇನೆ. 1863ರ ಹೊತ್ತಿಗೆ ಅಮೆರಿಕದ ಅಯೋವ ರಾಜ್ಯದಿಂದ ಒಬ್ಬಳು ಹೆಣ್ಣುಮಗಳು ನಾರ್ವೆಯಲ್ಲಿದ್ದ ಅಪ್ಪ ಅಮ್ಮನಿಗೆ ಕಾಗದ ಬರೆಯುತ್ತಾಳೆ. ಇಲ್ಲಿ ಬೆಣ್ಣೆ ಇಟ್ಟರೆ ನಿಲ್ಲುವುದಿಲ್ಲ, ಉಪ್ಪು ಹಾಕಬೇಕು ಅಥವಾ ಮೇಲೆ ಉಪ್ಪುನೀರು ಹೊಯ್ದಿಡಬೇಕು, ಇಲ್ಲದಿದ್ದರೆ ಹುಳ ಬೀಳುತ್ತದೆ. ಪೇಟೆ ತೀರಾ ದೂರವಿಲ್ಲದಿದ್ದರೆ ಕೂಡಲೇ ಮಾರಿಬಿಡುವುದು ಮೇಲು. ಈ ಬೇಸಿಗೆಯಲ್ಲಿ ಪೌಂಡಿಗೆ 8ರಿಂದ 10 ಸೆಂಟ್ ಸಿಕ್ಕಿತು, ಹೇಳಿಕೊಳ್ಳುವಂಥ ಲಾಭವೇನೂ ಅಲ್ಲ. ಅದಕ್ಕೇ ಇಲ್ಲಿನವರು ಹೆಚ್ಚು ಹಸು ಕಟ್ಟುವುದಿಲ್ಲ, ಮನೆಖರ್ಚಿಗೆ ಹಾಲಾದರೆ ಸಾಕು ಅನ್ನುತ್ತಾರೆ. ಇಷ್ಟನ್ನೂ ಒಂದೇ ಉಸಿರಿಗೆ ಬರೆದಿದ್ದಾಳೆ.

ಮೊದಲ ಸಲ ಇದನ್ನು ಓದಿದಾಗ ಪುಸ್ತಕವನ್ನು ಮಡಿಲಲ್ಲಿಟ್ಟುಕೊಂಡು ಸ್ವಲ್ಪ ಹೊತ್ತು ಸುಮ್ಮನೆ ಕೂತೆ. ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಅಂಚೆ ಕಚೇರಿಯಲ್ಲಿ ಕೆಲಸ ಮಾಡಿದವಳು ನಾನು. ಓದಲು ಬಾರದವರಿಗೆ ಕಾಗದ ಓದಿ ಹೇಳಿದ್ದೇನೆ, ಬರೆಯಲು ಬಾರದವರಿಗೆ ಕೌಂಟರಿನ ಈಚೆ ಬಂದು ಬೆಂಚಿನ ಮೇಲೆ ಕೂತು ಬರೆದುಕೊಟ್ಟಿದ್ದೇನೆ. ದೂರ ಹೋದ ಹೆಣ್ಣುಮಕ್ಕಳು ತವರಿಗೆ ಬರೆಯುವ ಕಾಗದ ಹೇಗಿರುತ್ತದೆಂದು ನನಗೆ ಚೆನ್ನಾಗಿ ಗೊತ್ತು. ‘ಇತ್ತ ಕಡೆ ನಾವೆಲ್ಲ ಕ್ಷೇಮ. ನಿಮ್ಮ ಕ್ಷೇಮ ಸಮಾಚಾರಕ್ಕೆ ಆಗಾಗ ಬರೆಯುತ್ತಿರಿ.’ ಆಮೇಲೆ ಮಳೆ ಹೇಗಿದೆ, ದನ ಕರು ಹಾಕಿತೇ, ದೊಡ್ಡವರಿಗೆ ನಮಸ್ಕಾರ, ಚಿಕ್ಕವರಿಗೆ ಆಶೀರ್ವಾದ. ಮುಗಿಯಿತು. ಬೆಣ್ಣೆಗೆ ಹುಳ ಬಿದ್ದದ್ದನ್ನು ಬರೆಸಿದವರು ನನಗೆ ಒಬ್ಬರೂ ಸಿಕ್ಕಲಿಲ್ಲ.

ನನ್ನ ಸೋದರತ್ತೆ ಹೀಗೆಯೇ ಬರೆಯುತ್ತಿದ್ದರು. ಕುಂದಾಪುರದ ಹತ್ತಿರದ ಹಳ್ಳಿಯಿಂದ ಅವರನ್ನು ಮುಂಬೈಗೆ ಕೊಟ್ಟಿದ್ದರು, ಮಾವ ಅಲ್ಲಿ ಹೋಟೆಲಿನ ಅಡುಗೆಮನೆಯಲ್ಲಿದ್ದರು. ನನ್ನನ್ನು ಎತ್ತಿ ಆಡಿಸಿದವರು ಅತ್ತೆ, ನನಗೆ ಅಕ್ಷರ ತಿದ್ದಿಸಿದವರೂ ಅವರೇ. ಅವರ ಇನ್‌ಲ್ಯಾಂಡ್ ಕಾಗದ ಬಂತೆಂದರೆ ಅಜ್ಜ ಜಗಲಿಯಲ್ಲಿ ಕೂತು ನನ್ನ ಕೈಯಲ್ಲಿ ಓದಿಸುತ್ತಿದ್ದರು. ‘ಎಲ್ಲರೂ ಕ್ಷೇಮ’ ಎಂಬ ಎರಡು ಪದ ಕೇಳಿದರೆ ಅವರಿಗೆ ಸಾಕಾಗುತ್ತಿತ್ತು. ಅಲ್ಲಿ ನಲ್ಲಿಯಲ್ಲಿ ನೀರು ಬರುವುದು ಬೆಳಗಿನ ಜಾವ ನಾಲ್ಕಕ್ಕೆ ಎಂಬುದು, ಒಂದೇ ಕೋಣೆಯಲ್ಲಿ ಆರು ಜನ ಮಲಗುತ್ತಾರೆಂಬುದು, ಅತ್ತೆಗೆ ಎರಡು ಮಳೆಗಾಲದಿಂದ ಕೆಮ್ಮು ಬಿಟ್ಟಿಲ್ಲವೆಂಬುದು ನಮಗೆ ತಿಳಿದದ್ದು ಅವರು ಒಂದು ಬೇಸಿಗೆಯಲ್ಲಿ ಊರಿಗೆ ಬಂದಾಗ. ಕಾಗದದಲ್ಲಿ ಅದರ ಸುಳಿವೇ ಇರಲಿಲ್ಲ. ಇವತ್ತು ನಾನು ಮಾತಾಡಬೇಕಾದದ್ದು ಅತ್ತೆಯ ವಿಷಯವಲ್ಲ. ಆದರೂ ಈ ನಾರ್ವೆಯ ಹೆಣ್ಣುಮಗಳನ್ನು ನಾನು ಇಷ್ಟು ಹಚ್ಚಿಕೊಂಡದ್ದು ಅವರಿಂದಾಗಿಯೇ. ಅದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು.

ಈಕೆಯ ಹೆಸರು ಗ್ರೋ. ಹುಟ್ಟಿದ್ದು 1841ರಲ್ಲಿ, ನಾರ್ವೆಯ ಹಾಲಿಂಗ್‌ಡಾಲ್ ಎಂಬ ಕಣಿವೆಯ ಓಲ್ ಎಂಬ ಊರಲ್ಲಿ. ಪೂರ್ತಿ ಹೆಸರು ಗ್ರೋ ನೀಲ್ಸ್‌ದಾತ್ತರ್ ಗುಡ್ಮುಂಡ್ಸ್‌ರೂಡ್. ನೀಲ್ಸ್‌ದಾತ್ತರ್ ಅಂದರೆ ನೀಲ್ಸನ ಮಗಳು, ಗುಡ್ಮುಂಡ್ಸ್‌ರೂಡ್ ಅಂದರೆ ಹುಟ್ಟಿದ ಹೊಲಮನೆ. ಹೆಸರು, ಅಪ್ಪನ ಹೆಸರು, ಮನೆಯ ಹೆಸರು. ನಮ್ಮ ಕರಾವಳಿಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಓಲೆ ಎಂಬವನನ್ನು ಮದುವೆಯಾಗಿ 1862ರಲ್ಲಿ ಅಮೆರಿಕಕ್ಕೆ ಹೊರಟ ಮೇಲೆ ಆಕೆ ಗ್ರೋ ಸ್ವೆನ್‌ಸೆನ್ ಆದಳು. ಆಗ ಇಪ್ಪತ್ತೊಂದು ವರ್ಷ. ನಾನು ಆಕೆಯನ್ನು ಏಕವಚನದಲ್ಲಿ ಕರೆಯುತ್ತಿರುವುದನ್ನು ನೀವು ಗಮನಿಸಿರಬಹುದು. ಆಕೆ ಬದುಕಿದ್ದು ಮೂವತ್ತೇಳು ವರ್ಷ, ಈಗ ನನ್ನ ಮಗಳ ವಯಸ್ಸು. ನನ್ನ ಬಾಯಿಗೆ ಬೇರೆ ರೀತಿ ಬರುವುದಿಲ್ಲ.

ಆ ಮಗಳು ಮಿನಿಯಾಪೊಲಿಸ್‌ನಲ್ಲಿದ್ದಾಳೆ. ಅವಳ ಬಾಣಂತನಕ್ಕೆ ಹೋಗಿದ್ದಾಗ ಒಂದು ದಿನ ಅಯೋವದ ಡೆಕೋರಾ ಎಂಬ ಸಣ್ಣ ಊರಿನ ವೆಸ್ಟರ್‌ಹೈಮ್ ವಸ್ತುಸಂಗ್ರಹಾಲಯಕ್ಕೆ ಕರೆದುಕೊಂಡು ಹೋದಳು. ನಾರ್ವೆಯಿಂದ ವಲಸೆ ಬಂದವರ ಬದುಕಿನ ವಸ್ತುಗಳನ್ನೆಲ್ಲ ಅಲ್ಲಿ ಜೋಪಾನವಾಗಿ ಇಟ್ಟಿದ್ದಾರೆ. ನನ್ನ ಕಣ್ಣು ನಿಂತದ್ದು ಮರದ ಪೆಟ್ಟಿಗೆಗಳ ಮೇಲೆ. ದಪ್ಪ ಕಬ್ಬಿಣದ ಪಟ್ಟಿ, ಗುಮ್ಮಟದ ಹಾಗೆ ಉಬ್ಬಿದ ಮುಚ್ಚಳ, ಮೈತುಂಬ ಬಳ್ಳಿ ಹೂಗಳ ಬಣ್ಣದ ಚಿತ್ತಾರ, ಅದರ ನಡುವೆ ಒಡತಿಯ ಹೆಸರು ಮತ್ತು ಇಸವಿ. ಹೂ ಬಳ್ಳಿಯ ಆ ಚಿತ್ತಾರಕ್ಕೆ ರೋಸೆಮಾಲಿಂಗ್ ಅನ್ನುತ್ತಾರೆ, ಅದರಲ್ಲಿ ಹಾಲಿಂಗ್‌ಡಾಲ್ ಕಣಿವೆಯವರದ್ದೇ ಒಂದು ಶೈಲಿ ಇದೆ. ಮದುವಣಗಿತ್ತಿಯ ಪೆಟ್ಟಿಗೆಗಳು ಅವು. ಸಾಗರ ದಾಟಿಸಬೇಕಾಗಿ ಬಂದಾಗ ಅದರಲ್ಲೇ ಬಟ್ಟೆ, ಬೈಬಲ್ಲು, ರೊಟ್ಟಿ ತುಂಬಿಸಿಕೊಂಡು ಬಂದಿದ್ದಾರೆ. ಅತ್ತೆ ಮುಂಬೈಗೆ ಹೋಗುವಾಗ ಅಜ್ಜ ಕೊಟ್ಟ ತಗಡಿನ ಟ್ರಂಕು ನನಗೆ ಅಲ್ಲೇ ನೆನಪಾಯಿತು. ಅದರ ಮೇಲೂ ಬಿಳಿ ಬಣ್ಣದಲ್ಲಿ ಅತ್ತೆಯ ಹೆಸರು ಬರೆಸಿದ್ದರು. ಈ ಪೆಟ್ಟಿಗೆಯವರು ಏನಾದರೂ ಬರೆದಿಟ್ಟಿದ್ದಾರೆಯೇ ಎಂದು ಮಗಳನ್ನು ಕೇಳಿದೆ. ವಾರದೊಳಗೆ ಗ್ರಂಥಾಲಯದಿಂದ ಗ್ರೋಳ ಪತ್ರಗಳನ್ನು ತಂದುಕೊಟ್ಟಳು. ಊರಲ್ಲಿ ಉಳಿದಿದ್ದ ಆ ಪತ್ರಗಳನ್ನು ಅಮೆರಿಕದ ನಾರ್ವೇಜಿಯನ್ ಇತಿಹಾಸ ಸಂಘದವರು 1950ರಲ್ಲಿ ಇಂಗ್ಲಿಷಿಗೆ ತಂದು ಅಚ್ಚು ಹಾಕಿಸಿದ್ದಾರೆ.

ಆಕೆ ಬಿಟ್ಟು ಬಂದ ಊರಿನ ಬಗ್ಗೆ ಸ್ವಲ್ಪ ಹೇಳಬೇಕು. ನಾರ್ವೆಯಲ್ಲಿ ಉಳುಮೆಗೆ ಬರುವ ನೆಲ ನೂರಕ್ಕೆ ಮೂರು ನಾಲ್ಕು ಪಾಲು ಮಾತ್ರ, ಉಳಿದದ್ದು ಬೆಟ್ಟ, ಬಂಡೆ, ಕಾಡು, ನೀರು. ಅದಕ್ಕೇ ಆಗೆಲ್ಲ ದನಕರುಗಳನ್ನು ಬೇಸಿಗೆಯಲ್ಲಿ ಎತ್ತರದ ಬೆಟ್ಟದ ಹುಲ್ಲುಗಾವಲಿಗೆ ಹೊಡೆದುಕೊಂಡು ಹೋಗುತ್ತಿದ್ದರು. ಅಲ್ಲಿ ಸೇಟರ್ ಎಂಬ ಸಣ್ಣ ಮರದ ಮನೆ. ಅಲ್ಲಿ ವಾಸಿಸುತ್ತಿದ್ದವರು ಹೆಚ್ಚಾಗಿ ಹೆಂಗಸರು, ಹುಡುಗಿಯರು. ಹಾಲು ಕರೆಯುವುದು, ಕೆನೆ ಕಟ್ಟಲು ಬಿಡುವುದು, ಬೆಣ್ಣೆ ಕಡೆಯುವುದು, ಚಳಿಗಾಲಕ್ಕೆಂದು ಚೀಸ್ ಮಾಡಿಡುವುದು, ಎಲ್ಲವೂ ಅವರದೇ ಕೈಕೆಲಸವಾಗಿತ್ತು. ತಂಪಾದ ಬೆಟ್ಟದ ಗಾಳಿಯಲ್ಲಿ ಹಾಲು ತಾಳುತ್ತದೆ. ಅಂಥ ಕಣಿವೆಯಲ್ಲಿ ಬೆಳೆದ ಹುಡುಗಿ ಅಯೋವದ ಬೇಸಿಗೆಗೆ ಬಂದು, ಇಲ್ಲಿ ಹಾಲು ಉಳಿಸಲಾಗುವುದಿಲ್ಲವೆಂದು ಕೇಳಿದಾಗ ನಂಬಿರಲಿಲ್ಲ, ಈಗ ನಿಜವೆಂದು ಗೊತ್ತಾಯಿತು ಎಂದು ಬರೆಯುತ್ತಾಳೆ. ನೊಣ, ಹುಳ, ಹೆಸರೇ ತಿಳಿಯದ ಕೀಟಗಳು. ಬೇಸಿಗೆಯಲ್ಲಿ ಚೀಸ್ ಮಾಡಿದರೆ ಅದೇ ಎದ್ದು ಹರಿದಾಡೀತು, ಮಿಕ್ಕ ಹಾಲನ್ನು ಜನ ಹಂದಿಗೆ ಹೊಯ್ಯುತ್ತಾರೆ ಅನ್ನುತ್ತಾಳೆ. ಹಾಲನ್ನು ಹಂದಿಗೆ ಹಾಕುವುದನ್ನು ನೋಡಿದ ಸೇಟರ್ ಊರಿನ ಹುಡುಗಿಯ ಹೊಟ್ಟೆಯಲ್ಲಿ ಏನಾಗಿರಬೇಕು! ಕೈ ಕಲಿತ ವಿದ್ಯೆ ಹೊಸ ನೆಲದಲ್ಲಿ ನಡೆಯದೆ ಹೋಗುವುದು ದೊಡ್ಡ ನಷ್ಟ. ವಲಸೆಯ ಚರಿತ್ರೆಗಳಲ್ಲಿ ಎಷ್ಟು ಎಕರೆ ಸಿಕ್ಕಿತೆಂಬ ಲೆಕ್ಕವಿರುತ್ತದೆ, ಈ ನಷ್ಟದ ಲೆಕ್ಕ ಸಿಗುವುದು ಇಂಥ ಕಾಗದಗಳಲ್ಲಿ.

ಎಕರೆಯ ಮಾತನ್ನೂ ಹೇಳಿಬಿಡುತ್ತೇನೆ. 1825ರಲ್ಲಿ ‘ರೆಸ್ಟೊರಾಶನ್’ ಎಂಬ ಪುಟ್ಟ ಹಡಗು ಸ್ತಾವಂಗರ್‌ನಿಂದ 52 ಜನರನ್ನು ಹತ್ತಿಸಿಕೊಂಡು ಹೊರಟಿತು, ನ್ಯೂಯಾರ್ಕ್ ಮುಟ್ಟುವಾಗ 53 ಜನರಿದ್ದರು, ದಾರಿಯಲ್ಲೇ ಒಂದು ಹೆರಿಗೆಯಾಗಿತ್ತು. ಅಲ್ಲಿಂದ ಮುಂದಿನ ನೂರು ವರ್ಷಗಳಲ್ಲಿ ಎಂಟು ಲಕ್ಷಕ್ಕೂ ಹೆಚ್ಚು ಜನ ನಾರ್ವೆ ಬಿಟ್ಟರು. ಇದ್ದ ಜನಸಂಖ್ಯೆಗೆ ಹೋಲಿಸಿದರೆ ಯುರೋಪಿನಲ್ಲಿ ಐರ್ಲೆಂಡ್ ಬಿಟ್ಟರೆ ಇಷ್ಟು ಮಂದಿಯನ್ನು ಕಳಿಸಿದ ದೇಶವಿಲ್ಲ. ಗ್ರೋ ಹೊರಟ 1862ರಲ್ಲೇ ಅಮೆರಿಕ ಸರ್ಕಾರ ಹೋಮ್‌ಸ್ಟೆಡ್ ಕಾಯಿದೆ ತಂದಿತು. ಐದು ವರ್ಷ ನೆಲೆಸಿ ಸಾಗುವಳಿ ಮಾಡಿದರೆ 160 ಎಕರೆ ನೆಲ ನಿಮ್ಮದು. ಅದೇ 1862ರ ಆಗಸ್ಟಿನಲ್ಲಿ ಪಕ್ಕದ ಮಿನೆಸೋಟದಲ್ಲಿ, ನೆಲ ಕಳೆದುಕೊಂಡು ಹಸಿದಿದ್ದ ಡಕೋಟಾ ಎಂಬ ಮೂಲನಿವಾಸಿ ಜನ ತಿರುಗಿಬಿದ್ದರು. ಡಿಸೆಂಬರ್ 26ರಂದು ಮ್ಯಾನ್‌ಕೇಟೊ ಊರಿನಲ್ಲಿ ಅವರಲ್ಲಿ 38 ಮಂದಿಯನ್ನು ಒಟ್ಟಿಗೆ ನೇಣಿಗೇರಿಸಿದರು, ಉಳಿದವರಲ್ಲಿ ಹೆಚ್ಚಿನವರನ್ನು ಆ ರಾಜ್ಯದಿಂದಲೇ ಹೊರಗಟ್ಟಿದರು. ಗ್ರೋ ಮತ್ತು ಓಲೆ ಮುಂದೆ ನೆಲೆ ನಿಂತ ಎಸ್ತರ್‌ವಿಲ್, ಎಮೆಟ್ ಕೌಂಟಿ, ಆ ಮಿನೆಸೋಟದ ಗಡಿಗೆ ತಾಗಿಕೊಂಡೇ ಇದೆ. ಆಕೆಯ ಮೇಲಿನ ನನ್ನ ಪ್ರೀತಿ ಈ ಮಾತನ್ನು ನುಂಗಿಬಿಡಬಾರದು. ಅವಳ ಹೊಲ ಖಾಲಿ ಬಿದ್ದ ನೆಲವಾಗಿರಲಿಲ್ಲ, ಖಾಲಿ ಮಾಡಿಸಿದ ನೆಲವಾಗಿತ್ತು.

ಈಗ ನನಗೆ ಬಹಳ ಇಷ್ಟವಾದ ಪತ್ರಕ್ಕೆ ಬರುತ್ತೇನೆ. ಅಮೆರಿಕದ ಹೆಂಗಸರಿಗೆ ಬೇಕಾದಷ್ಟು ಬಿಡುವು ಎಂದು ನಾರ್ವೆಯಲ್ಲಿ ಮಾತಿತ್ತು. ಗ್ರೋ ಬರೆಯುತ್ತಾಳೆ: ಹಾಗೆಂದುಕೊಳ್ಳುವ ಒಬ್ಬ ಹೆಂಗಸನ್ನೂ ನಾನು ಇಲ್ಲಿಯವರೆಗೆ ನೋಡಿಲ್ಲ. ನಮ್ಮೂರಿನ ದೊಡ್ಡ ಮನೆಗಳಲ್ಲಿ ಅಡುಗೆಯವಳು, ಕೆಲಸದವಳು, ಮನೆಯ ಉಸ್ತುವಾರಿಯವಳು ಎಂದು ಮೂವರು ಮಾಡುವುದನ್ನು ಇಲ್ಲಿ ಮನೆಯೊಡತಿ ಒಬ್ಬಳೇ ಮಾಡಬೇಕು, ಅದೂ ಆ ಮೂವರೂ ಸೇರಿ ಮಾಡಿದಷ್ಟೇ ಚೊಕ್ಕವಾಗಿ. ಅಡುಗೆಯಿಂದ ಹಿಡಿದು ಎಲ್ಲವನ್ನೂ ಮೊದಲಿನಿಂದ ಕಲಿಯಬೇಕಾಗಿದೆ ಎಂದೂ ಹೇಳುತ್ತಾಳೆ. ಅವಳ ದನಿಯಲ್ಲಿ ಗೋಳಿಲ್ಲ. ಆದರೆ ತವರಿನವರು ನೆಮ್ಮದಿಯಾಗಿರಲಿ ಎಂದು ಸುಳ್ಳನ್ನೂ ಪೋಣಿಸುವುದಿಲ್ಲ. ಇದ್ದದ್ದನ್ನು ಇದ್ದ ಹಾಗೆ ಅಮ್ಮನ ಮುಂದೆ ಹರಡುತ್ತಾಳೆ, ಅಮ್ಮ ಅದನ್ನು ತಾಳಿಕೊಳ್ಳುತ್ತಾಳೆ ಎಂಬ ನಂಬಿಕೆಯಿಂದ. ನಮ್ಮ ಅತ್ತೆ ಅಜ್ಜನ ಮೇಲೆ ಅಂಥ ನಂಬಿಕೆ ಇಡಬಹುದಿತ್ತು. ನಾವು ತಾಳಿಕೊಳ್ಳುತ್ತಿದ್ದೆವು.

ಅಲ್ಲಿನ ಗುಡುಗು ಮಿಂಚಿನ ವರ್ಣನೆ ಓದಿದರೆ ನಮ್ಮ ಮುಂಗಾರಿನ ಮೊದಲ ವಾರ ಕಣ್ಣಿಗೆ ಕಟ್ಟುತ್ತದೆ. ಲೋಕವೇ ಮುಗಿಯಿತೆನ್ನುವ ಹಾಗೆ ಸಿಡಿಲು, ಆಕಾಶಕ್ಕೆಲ್ಲ ಬೆಂಕಿ ಹತ್ತಿದಂಥ ಮಿಂಚು, ಜನ ದನ ಎನ್ನದೆ ಬಡಿಯುತ್ತದೆ, ಗಟ್ಟಿ ಓಕ್ ಮರಗಳನ್ನು ಸೀಳಿಹಾಕುತ್ತದೆ. ಇನ್ನೊಂದು ಭಯ ಹುಲ್ಲುಬಯಲಿನ ಕಾಳ್ಗಿಚ್ಚು. ಅದನ್ನು ಇಲ್ಲಿನವರು ‘ಫಾಯರೆನ್’ ಅನ್ನುತ್ತಾರೆ, ವಸಂತದಲ್ಲೂ ಬರುತ್ತದೆ, ಎಲೆಯುದುರುವ ಕಾಲದಲ್ಲೂ ಬರುತ್ತದೆ ಎಂದು ಬರೆಯುತ್ತಾಳೆ. ಈ ಪದವನ್ನು ನೋಡಿ ನಾನು ಕುಣಿದುಬಿಟ್ಟೆ. ಫಾಯರ್ ಇಂಗ್ಲಿಷಿನದು, ಕೊನೆಯ ‘ಎನ್’ ನಾರ್ವೆಯ ನುಡಿಯ ಬಾಲ. ಬುಡಬುಡಿಕೆಯ ಹಾವಿಗೆ, ಅದೇ ಬಾಲ ಅಲ್ಲಾಡಿಸಿ ಸದ್ದು ಮಾಡುವ ವಿಷದ ಹಾವಿಗೆ, ಆಕೆ ಬರೆಯುವುದು ‘ರಾಗೆಲ್ ಸ್ನೇಕೆನ್’. ನಾವು ಬಸ್ ಎಂಬುದಕ್ಕೆ ‘ಉ’ ಹಚ್ಚಿ ಬಸ್ಸು ಮಾಡಿಕೊಂಡಿಲ್ಲವೇ, ಹಾಗೆ. ಊರಲ್ಲಿ ಇಲ್ಲದ ಬೆಂಕಿಗೆ, ಊರಲ್ಲಿ ಇಲ್ಲದ ಹಾವಿಗೆ ಹೊಸ ನೆಲದ ಹೆಸರನ್ನೇ ಎತ್ತಿಕೊಂಡರು. ಎರವಲು ತಂದದ್ದಕ್ಕೆ ಮನೆಯ ಬಾಲ ಕಟ್ಟಿ ಒಳಗೆ ಕರೆದುಕೊಂಡರು. ನುಡಿಯ ವಿಷಯದಲ್ಲಿ ಜನ ಯಾರ ಅಪ್ಪಣೆಗೂ ಕಾಯುವುದಿಲ್ಲ ಎನ್ನುವುದಕ್ಕೆ ನನಗೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಕಿಲ್ಲ.

ಆಕೆಗೆ ಬರೆಯಲು ಬಂದದ್ದೇ ಒಂದು ಭಾಗ್ಯ. ನಾರ್ವೆಯಲ್ಲಿ 1736ರಿಂದಲೇ ಪ್ರತಿ ಹುಡುಗ ಹುಡುಗಿ ಚರ್ಚಿನಲ್ಲಿ ಧರ್ಮದೀಕ್ಷೆ ಪಡೆಯುವುದು ಕಡ್ಡಾಯವಾಗಿತ್ತು, ಅದಕ್ಕಾಗಿ ಓದು ಕಲಿಯಲೇಬೇಕು. ಹಾಗಾಗಿ ಬಡವರ ಮನೆಯವರೂ ಓದಬಲ್ಲವರಾಗಿದ್ದರು. ಆದರೆ ಬರೆಯುವುದು ಬೇರೆ ವಿದ್ಯೆ. ಧರ್ಮದೀಕ್ಷೆಗೆ ಅದು ಬೇಕಿರಲಿಲ್ಲ, ಹೆಣ್ಣುಮಕ್ಕಳಿಗಂತೂ ಬೇಕೇ ಇಲ್ಲವೆಂದು ಬಹಳ ಜನ ಅಂದುಕೊಂಡಿದ್ದರು. ಆ ಹಡಗುಗಳಲ್ಲಿ ಬಂದ ಎಷ್ಟೋ ಹೆಂಗಸರು ತಾಯಿಯಿಂದ ಬಂದ ಕಾಗದ ಓದಬಲ್ಲವರಾಗಿದ್ದು, ಉತ್ತರ ಬರೆಯಲಾರದೆ ಉಳಿದರು. ನನ್ನ ಬೆಂಚಿನ ಮುಂದೆ ನಿಂತಿದ್ದವರನ್ನು ನೆನೆಸಿಕೊಂಡರೆ ಇದು ನನಗೆ ಹಳೆಯ ಚರಿತ್ರೆ ಅನಿಸುವುದಿಲ್ಲ. ಬೇರೆಯವರ ಕೈಯಲ್ಲಿ ಬರೆಸುವಾಗ ಮನಸ್ಸಿನ ಮಾತು ಬಾಯಿಗೆ ಬರುವುದಿಲ್ಲ, ‘ಕ್ಷೇಮ ಅಂತ ಬರೀರಿ ಅಮ್ಮ’ ಅನ್ನುವುದಷ್ಟೇ ಬರುತ್ತದೆ.

ಆಗ ಅಮೆರಿಕದಿಂದ ಬರುವ ಕಾಗದಕ್ಕೆ ನಾರ್ವೆಯಲ್ಲಿ ಒಂದು ಹೆಸರೇ ಇತ್ತು, ‘ಅಮೆರಿಕಾಬ್ರೇವ್’. ಅದು ಒಬ್ಬರ ಸ್ವತ್ತಾಗಿರಲಿಲ್ಲ. ಮನೆಮಂದಿ ಸುತ್ತ ಕೂತು ಗಟ್ಟಿಯಾಗಿ ಓದಿಸಿಕೊಳ್ಳುತ್ತಿದ್ದರು, ನೆರೆಯವರು ನಕಲು ಮಾಡಿಕೊಳ್ಳುತ್ತಿದ್ದರು, ಹೊಲಮನೆಯಿಂದ ಹೊಲಮನೆಗೆ ಕೈದಾಟುತ್ತಿತ್ತು. ಕೆಲವು ಪತ್ರಿಕೆಗಳಲ್ಲೂ ಅಚ್ಚಾದವು. ಊರಿಗೆ ಊರೇ ಗಂಟು ಕಟ್ಟುವ ಹಾಗೆ ಮಾಡಿದ್ದು ಈ ಕಾಗದಗಳೇ.

ಅಲ್ಲಿನ ಹಳೆಯ ಮಾತಿನಲ್ಲಿ ಅಪ್ಪನ ತಂಗಿ ಅಕ್ಕನಿಗೆ ‘ಫಾಸ್ತರ್’ ಅನ್ನುತ್ತಿದ್ದರು, ಅಂದರೆ ಫಾರ್‌ನ ಸೋದರಿ. ಅಮ್ಮನ ತಂಗಿ ಅಕ್ಕನಿಗೆ ‘ಮೋಸ್ತರ್’, ಮೋರ್‌ನ ಸೋದರಿ. ನಮ್ಮ ಅತ್ತೆ, ಚಿಕ್ಕಮ್ಮ, ದೊಡ್ಡಮ್ಮ ಇದ್ದ ಹಾಗೆ. ಇಂಗ್ಲಿಷಿನಲ್ಲಿ ಇಬ್ಬರೂ ಒಂದೇ ಆಗಿಬಿಡುತ್ತಾರೆ. ಗ್ರೋ ಓಲ್‌ನಲ್ಲೇ ಉಳಿದಿದ್ದರೆ ಯಾವುದೋ ಮಕ್ಕಳು ಅವಳನ್ನು ಫಾಸ್ತರ್ ಎಂದು ಕರೆಯುತ್ತ ಸೆರಗು ಹಿಡಿದು ಓಡಾಡುತ್ತಿದ್ದರು. ಹೋದವಳು ಕಾಗದದಲ್ಲಿರುವ ಅತ್ತೆಯಾದಳು. ಕಾಗದದಲ್ಲಿರುವ ಅತ್ತೆಯ ಸೆರಗು ಹಿಡಿಯಲು ಬರುವುದಿಲ್ಲ, ಅವರ ಅಕ್ಷರವನ್ನಷ್ಟೇ ಹಿಡಿಯಬಹುದು. ನನಗೆ ಅದರ ಅನುಭವ ಇದೆ.

ಮುಂದಿನ ವರ್ಷಗಳನ್ನು ಬೇಗ ಹೇಳುತ್ತೇನೆ. ಅಂತರ್ಯುದ್ಧದ ಕೊನೆಯ ಹೊತ್ತಿನಲ್ಲಿ ಓಲೆಯನ್ನು ಸೈನ್ಯಕ್ಕೆ ಕರೆದುಕೊಂಡರು. ಎಳೆಯ ಮಕ್ಕಳನ್ನು ಕಟ್ಟಿಕೊಂಡು ಗ್ರೋ ಆ ಬಯಲಿನಲ್ಲಿ ಉಳಿದಳು. 1865ರಲ್ಲಿ ಅವನು ಜೀವಂತ ಮರಳಿದ. 1870ರ ದಶಕದಲ್ಲಿ ವರ್ಷದ ಮೇಲೆ ವರ್ಷ ಮಿಡತೆಗಳ ದಂಡು ಬಂದು ವಾಯವ್ಯ ಅಯೋವದ ಬೆಳೆ ಮೇಯ್ದುಹೋಯಿತು. ಆ ರಾಕಿ ಪರ್ವತದ ಮಿಡತೆಯ ಜಾತಿಯೇ ಇಂದು ಭೂಮಿಯ ಮೇಲಿಲ್ಲ, 1902ರ ಆಚೆಗೆ ಜೀವಂತವಾಗಿ ಕಂಡವರಿಲ್ಲ.

ಆಕೆಗೆ ಹತ್ತು ಮಕ್ಕಳು. ಹತ್ತನೆಯ ಹೆರಿಗೆಯಲ್ಲಿ, 1878ರಲ್ಲಿ, ಹೋಗಿಬಿಟ್ಟಳು.

ಒಂದು ಲೆಕ್ಕ ಮಾಡಿ ನೋಡಿ. 1862ರಿಂದ 1878, ಹದಿನಾರು ವರ್ಷ, ಹತ್ತು ಹೆರಿಗೆ. ಅಂದರೆ ನಾವು ಓದುವ ಪತ್ರಗಳಲ್ಲಿ ಹೆಚ್ಚಿನವನ್ನು ಬರೆದದ್ದು ಒಂದೋ ಬಸುರಿ ಹೆಂಗಸು, ಇಲ್ಲವೇ ಮೊಲೆಯೂಡಿಸುವ ತಾಯಿ. ಬೆಣ್ಣೆಯ ದರ, ಸಿಡಿಲು, ಹಾವು, ಹಂದಿಗೆ ಹೊಯ್ದ ಹಾಲು, ಎಲ್ಲವನ್ನೂ ಆ ಮೈಯಿಂದಲೇ ನೋಡಿದ್ದು, ಮಗು ಮಲಗಿದ ಹೊತ್ತಿನಲ್ಲಿ ಬರೆದದ್ದು. ಇದು ಹೊಳೆದ ಮೇಲೆ ನಾನು ಎಲ್ಲ ಪತ್ರಗಳನ್ನೂ ಇನ್ನೊಮ್ಮೆ ಮೊದಲಿನಿಂದ ಓದಿದೆ. ಗದ್ದೆಗೆ ಇಳಿದು ನಾಟಿ ಮಾಡಿದ ಬಸುರಿಯರನ್ನು ಕಂಡವಳು ನಾನು. ಅವರಲ್ಲಿ ಯಾರೂ ರಾತ್ರಿ ದೀಪ ಹಚ್ಚಿ ಆ ದಿನ ಕಂಡದ್ದನ್ನು ಬರೆದಿಡಲಿಲ್ಲ. ಇವಳು ಬರೆದಿಟ್ಟಳು. ನಾನು ಈಕೆಗೆ ಕೈಮುಗಿಯುವುದು ಇದಕ್ಕಾಗಿ. ಧೈರ್ಯ, ಸಾಹಸ ಎಂಬ ಮಾತುಗಳಿಂದ ಈಕೆಯನ್ನು ಕಲ್ಲಿನ ಮೂರ್ತಿ ಮಾಡುವುದು ನನಗೆ ಒಪ್ಪಿಗೆಯಿಲ್ಲ.

ಹೆಂಡತಿ ಹೋದ ಮೇಲೆ ಓಲೆ ತಾನೇ ಲೇಖನಿ ಹಿಡಿದು ಅವಳ ತವರಿಗೆ ಬರೆದ. ಆಮೇಲೆ ಮಕ್ಕಳನ್ನು ಕರೆದುಕೊಂಡು ಆ ಊರು ಬಿಟ್ಟು ಡಕೋಟಾ ಸೀಮೆಗೆ ಹೋದ.

ನಮ್ಮ ಕಡೆ ಸಾವಿನ ಸುದ್ದಿಯ ಕಾಗದವನ್ನು ಮನೆಯೊಳಗೆ ತರುವುದಿಲ್ಲ. ಅಂಗಳದಲ್ಲೇ ಓದಿ, ಹರಿದು, ಸ್ನಾನ ಮಾಡಿ ಒಳಗೆ ಬರುತ್ತಾರೆ. ಅಂಚೆಯಣ್ಣ ಮುಂಬೈಯ ಮಾವನ ಕಾರ್ಡು ತಂದ ದಿನ ಅಜ್ಜ ಅದನ್ನು ನನ್ನ ಕೈಯಲ್ಲಿ ಓದಿಸಲಿಲ್ಲ. ಅವರೇ ಓದಿದರು, ನಾಲ್ಕು ಚೂರು ಮಾಡಿದರು, ಬಾವಿಕಟ್ಟೆಗೆ ನಡೆದರು. ಆ ಚೂರುಗಳನ್ನು ನಾನು ತೆಂಗಿನ ಬುಡದಲ್ಲಿ ಹುಡುಕಿದೆ. ಆಗಲೇ ಮಳೆ ಬಿದ್ದು ಶಾಯಿ ಕಲಸಿಹೋಗಿತ್ತು. ಅತ್ತೆಯ ಕೊನೆಯ ದಿನಗಳ ಬಗ್ಗೆ ಮಾವ ಏನು ಬರೆದಿದ್ದರೋ ನನಗೆ ಇವತ್ತಿಗೂ ಗೊತ್ತಿಲ್ಲ.

ಓಲೆಯ ಕಾಗದವನ್ನು ಗ್ರೋಳ ಮನೆಯವರು ಹರಿಯಲಿಲ್ಲ. ಮಗಳ ಕಾಗದಗಳ ಕಟ್ಟಿನಲ್ಲೇ ಸೇರಿಸಿ ಇಟ್ಟರು. ಮಿನಿಯಾಪೊಲಿಸ್‌ನಲ್ಲಿ, ಮೊಮ್ಮಗು ತೊಡೆಯ ಮೇಲೆ ನಿದ್ದೆ ಹೋಗಿದ್ದಾಗ, ನಾನು ಅದನ್ನು ಓದಿದೆ.